ಗೌರಿ ಹೂ ಕೊಯ್ಯಿರಿ, ಗೆಡ್ಡೆ ಮುಟ್ಟಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿದರೆ ನಮ್ಮ ಸಕಲೇಶಪುರದ ಕಡೆ ತೋಟದ ಬೇಲಿಗಳ ಮೇಲೆ ಗೌರಿ ಹೂವಿನ ಬಳ್ಳಿ ಹಬ್ಬುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡ ಹಿಡಿದುಕೊಂಡು ಮೇಲೇರುತ್ತದೆ. ಕೆಂಪು ಹಳದಿ ಎಸಳು ನೋಡಿದರೆ ಬೆಂಕಿ ಹೊತ್ತಿದ ಹಾಗೆ, ಅದಕ್ಕೇ ಅಗ್ನಿಶಿಖೆ ಅಂತಲೂ ಕರೆಯುತ್ತಾರೆ. ಹಬ್ಬದ ದಿನ ಗೌರಮ್ಮನಿಗೆ ಈ ಹೂ ಇಡದಿದ್ದರೆ ನಮ್ಮಮ್ಮನಿಗೆ ಸಮಾಧಾನವೇ ಇಲ್ಲ. ಹೂವಿನ ಬಗ್ಗೆ ನನ್ನ ತಕರಾರಿಲ್ಲ. ಈ ಪತ್ರ ಅದರ ಗೆಡ್ಡೆ ಬಗ್ಗೆ.

ಹೋದ ವರ್ಷ ನಮ್ಮ ಚಿಕ್ಕಮ್ಮ ಮಂಡಿನೋವಿಗೆ ಅಂತ ಆ ಗೆಡ್ಡೆ ಅಗೆದು ಬೇಯಿಸಿ ತಿಂದರು. ಮೊಬೈಲಿಗೆ ಬಂದ ಯಾವುದೋ ವಿಡಿಯೋದಲ್ಲಿ ಹೇಳಿದ್ದರಂತೆ. "ಬೇಯಿಸಿದರೆ ನಂಜು ಹೋಗುತ್ತೆ ಅಂದಿದ್ದರು ಕಣೋ, ನೋಡೋಕೂ ಕಾಡುಗೆಣಸಿನ ಹಾಗೇ ಇತ್ತು" ಅಂತ ಆಮೇಲೆ ನನ್ನ ಹತ್ತಿರ ಅತ್ತರು. ತಿಂದಿದ್ದು ಸಂಜೆ. ನಡುರಾತ್ರಿ ವಾಂತಿ ಶುರುವಾಯಿತು, ಹಿಂದೆಯೇ ಭೇದಿ. ಊಟ ಏನೋ ಹೆಚ್ಚುಕಮ್ಮಿ ಆಗಿರಬೇಕು ಅಂದುಕೊಂಡು ನಾವು ಜೀರಿಗೆ ಕಷಾಯ ಕುಡಿಸುತ್ತಾ ಬೆಳಕು ಹರಿಯುವವರೆಗೆ ಕೂತಿದ್ದೆವು, ಆ ಐದಾರು ಗಂಟೆ ಸುಮ್ನೆ ಕಳೆದದ್ದು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಪುಣ್ಯಕ್ಕೆ ನನ್ನ ತಮ್ಮ ಅಡುಗೆಮನೆಯಲ್ಲಿ ಉಳಿದಿದ್ದ ತುಂಡನ್ನು ಕವರಿನಲ್ಲಿ ಹಾಕಿಕೊಂಡು ಬಂದಿದ್ದ. ಹಾಸನದ ಡಾಕ್ಟರಿಗೆ ಅದನ್ನು ತೋರಿಸಿದ ಮೇಲೆಯೇ ವಿಷಯ ಗೊತ್ತಾಗಿದ್ದು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಉಳಿದುಕೊಂಡರು. ಮನೆಗೆ ಬಂದ ಮೇಲೆ ಬಾಚಣಿಗೆ ಇಟ್ಟಲ್ಲೆಲ್ಲ ಕೂದಲು ಹಿಡಿಹಿಡಿ ಬಂತು.

ಆ ಗೆಡ್ಡೆಯಲ್ಲಿರುವ ವಿಷ ಕೊಲ್ಚಿಸಿನ್. ಬೇಯಿಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ನಮ್ಮ ಮೈಯ ಜೀವಕೋಶಗಳು ಒಡೆದು ಎರಡಾಗುವುದನ್ನೇ ಅದು ನಿಲ್ಲಿಸುತ್ತದೆ. ಕರುಳಿನ ಒಳಪದರ, ರಕ್ತ, ಕೂದಲು ದಿನಾ ಹೊಸದಾಗಿ ಹುಟ್ಟುತ್ತಿರಬೇಕಲ್ವಾ, ಪೆಟ್ಟು ಮೊದಲು ಬೀಳುವುದು ಅವಕ್ಕೇ. ಹಾವು ಕಚ್ಚಿದರೆ ಕೊಡುವಂಥ ಇಂಜೆಕ್ಷನ್ ಇದಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಇಲ್ಲ.

ಹಾಗಂತ ಇದು ಬರೀ ವಿಷದ ಗಿಡ ಅಂತ ನಾನು ಹೇಳುತ್ತಿಲ್ಲ. ಯೂರಿಕ್ ಆಸಿಡ್ ಜಾಸ್ತಿಯಾಗಿ ಕಾಲಿನ ಹೆಬ್ಬೆರಳು ಊದಿಕೊಂಡಾಗ ಡಾಕ್ಟರು ಬರೆದುಕೊಡುವುದು ಇದೇ ಕೊಲ್ಚಿಸಿನ್. ತಮಿಳುನಾಡಿನ ರೈತರು ಬೀಜಕ್ಕಾಗಿ ಈ ಬಳ್ಳಿಯನ್ನು ಬೆಳೆಯುತ್ತಾರೆ, ಬೀಜದಿಂದ ಔಷಧಿ ತೆಗೆಯುತ್ತಾರೆ. ಆದರೆ ಒಂದು ಮಾತ್ರೆಯಲ್ಲಿ ಇರುವುದು 0.5 ಮಿಲಿಗ್ರಾಂ, ಅಂದರೆ ಒಂದು ಗ್ರಾಮನ್ನು ಎರಡು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಬೇಲಿಯ ಬುಡದಿಂದ ಅಗೆದ ಗೆಡ್ಡೆಯಲ್ಲಿ ಎಷ್ಟಿದೆ ಅಂತ ಅಡುಗೆಮನೆಯಲ್ಲಿ ಅಳೆಯುವುದು ಹೇಗೆ? ಆಯುರ್ವೇದದಲ್ಲಿ ಇದಕ್ಕೆ ಲಾಂಗಲಿ ಅನ್ನುತ್ತಾರೆ, ಗೆಡ್ಡೆ ನೇಗಿಲಿನ ಹಾಗೆ ಬಾಗಿರುವುದರಿಂದ. ಅವರೂ ಗೋಮೂತ್ರದಲ್ಲಿ ನೆನೆಸಿ ಶೋಧನೆ, ಅಂದರೆ ಶುದ್ಧಿ, ಮಾಡದೆ ಇದನ್ನು ಬಳಸುವುದಿಲ್ಲ. ನಮ್ಮ ದೇಶದ ಔಷಧ ನಿಯಮದಲ್ಲೂ ಲಾಂಗಲಿ ವಿಷದ ಮೂಲಿಕೆಗಳ ಪಟ್ಟಿಯಲ್ಲಿದೆ, ಅದನ್ನು ಸೇರಿಸಿದ ಔಷಧಿಯ ಮೇಲೆ ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಿ ಅಂತ ಬರೆದಿರಲೇಬೇಕು. ಹೆರಿಗೆ ಬೇಗ ಆಗಲಿ ಅಂತ ಇದನ್ನು ಅರೆದು ಹಚ್ಚುವ ಹಳೇ ರೂಢಿಯೂ ಇದೆ, ದಯವಿಟ್ಟು ಅದನ್ನೂ ಬಿಟ್ಟುಬಿಡಿ.

ಸಂಪಾದಕರೇ, ಗೌರಿ ಹಬ್ಬಕ್ಕೆ ಮುಂಚೆ ನಿಮ್ಮ ಪತ್ರಿಕೆಯಲ್ಲಿ ಈ ಹೂವಿನ ಜೊತೆ ಅದರ ಗೆಡ್ಡೆಯ ಚಿತ್ರವನ್ನೂ ದೊಡ್ಡದಾಗಿ ಹಾಕಿ. ಹೂ ನಮಗೆಲ್ಲ ಗೊತ್ತು, ಗೆಡ್ಡೆ ಗುರುತು ಹಿಡಿಯುವವರು ಕಡಿಮೆ. ಯಾರಾದರೂ ತಿಂದಿದ್ದಾರೆ ಅಂತ ಗೊತ್ತಾದರೆ ವಾಂತಿ ಆಗಲಿ ಅಂತ ಕಾಯಬೇಡಿ, ಆಗಲೇ 108ಕ್ಕೆ ಫೋನ್ ಮಾಡಿ. ಉಳಿದ ತುಂಡಿದ್ದರೆ ಜೊತೆಗೇ ತೆಗೆದುಕೊಂಡು ಹೋಗಿ.

ಇಂತಿ,
ಒಬ್ಬ ಓದುಗ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ