ಕ್ರಿಪ್ಟೊ: ಹೇಳಿದ್ದೇನು, ಮಾಡಿದ್ದೇನು?

ಮಾನ್ಯ ಸಂಪಾದಕರೇ,

ಮೂಡಿಗೆರೆಯಲ್ಲಿ ಕಳೆದ ವಾರ ಪರಿಚಯದವರೊಬ್ಬರು ಹೊಸ ಕ್ರಿಪ್ಟೊ ನಾಣ್ಯವೊಂದಕ್ಕೆ ಹಣ ಹಾಕುವಂತೆ ನಮ್ಮ ಕೆಲವು ಬೆಳೆಗಾರರಿಗೆ ಹೇಳಿದರು. ಈ ಯೋಜನೆ ಎಷ್ಟು ವರ್ಷದಿಂದ ನಡೆಯುತ್ತಿದೆ, ಈವರೆಗೆ ಏನನ್ನು ಮಾಡಿ ಮುಗಿಸಿದೆ ಎಂದು ಕೇಳಿದ್ದಕ್ಕೆ ಅವರು ಮೊಬೈಲ್ ತೆಗೆದು, ಮೂರು ತಿಂಗಳಲ್ಲಿ ಮೇಲೇರಿದ ದರದ ಗೆರೆಯನ್ನು ತೋರಿಸಿದರು. ಮತ್ತೆ ಕೇಳಿದೆ, ಅದೇ ಗೆರೆಯನ್ನು ಬೆರಳಿನಿಂದ ಹಿಗ್ಗಿಸಿ ತೋರಿಸಿದರು.

ನನಗೆ ವೆನಿಲ್ಲಾ ನೆನಪಾಯಿತು. 2003ರ ಸುಮಾರಿಗೆ ಹಸಿ ಕೋಡಿನ ದರ ಕೆಜಿಗೆ ಸಾವಿರಾರು ರೂಪಾಯಿ ಮುಟ್ಟಿದಾಗ ಬಳ್ಳಿಯ ತುಂಡಿಗೂ ಮುಗಿಬಿದ್ದ ಮಲೆನಾಡಿಗರಲ್ಲಿ ನಾನೂ ಒಬ್ಬ. ಬಳ್ಳಿ ಹೂ ಬಿಡಲು ಸುಮಾರು ಮೂರು ವರ್ಷ ಬೇಕು, ಪ್ರತಿ ಹೂವಿಗೂ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. ನನ್ನ ಬಳ್ಳಿಯಲ್ಲಿ ಕೋಡು ಬಲಿಯುವ ಹೊತ್ತಿಗೆ ಕೊಳ್ಳುವವರೇ ಇರಲಿಲ್ಲ.

ಕ್ರಿಪ್ಟೊ ಎಲ್ಲವೂ ಮೋಸವೆಂದು ನಾನು ಹೇಳುತ್ತಿಲ್ಲ. 2015ರಲ್ಲಿ ಆರಂಭವಾದ ಎಥೀರಿಯಂ ಎಂಬ ಕ್ರಿಪ್ಟೊ ಯೋಜನೆ, ವಿದ್ಯುತ್ ನುಂಗುವ ಮೈನಿಂಗ್ (ಕಂಪ್ಯೂಟರ್‌ಗಳು ಲೆಕ್ಕ ಬಿಡಿಸುವ ಪೈಪೋಟಿಯಿಂದ ವಹಿವಾಟು ದೃಢೀಕರಿಸುವುದು) ಬಿಟ್ಟು ಪ್ರೂಫ್ ಆಫ್ ಸ್ಟೇಕ್ (ನಾಣ್ಯವನ್ನು ಪಣವಾಗಿಟ್ಟವರು ದೃಢೀಕರಿಸುವ) ಪದ್ಧತಿಗೆ ಹೋಗುವುದಾಗಿ ಹೇಳಿ, ಗಡುವನ್ನು ವರ್ಷಗಟ್ಟಲೆ ಮುಂದೂಡಿ ನಗೆಪಾಟಲಿಗೀಡಾದರೂ, 2022ರ ಸೆಪ್ಟೆಂಬರ್ 15ರಂದು ವಹಿವಾಟು ನಿಲ್ಲಿಸದೆಯೇ ಆ ಬದಲಾವಣೆಯನ್ನು ಮಾಡಿ ಮುಗಿಸಿತು. ವಿದ್ಯುತ್ ಬಳಕೆ ಶೇ 99ಕ್ಕೂ ಹೆಚ್ಚು ತಗ್ಗಿತು. (ಅದರ ಬೆನ್ನಿಗೇ ದರ ಇಳಿಯಿತೆಂಬುದನ್ನೂ ಹೇಳಬೇಕು.) ಅದೇ ವರ್ಷದ ಮೇ ತಿಂಗಳಲ್ಲಿ, ಡಾಲರ್‌ಗೆ ಸಮವೆನ್ನುತ್ತಿದ್ದ ಟೆರಾಯುಎಸ್‌ಡಿ ಎಂಬ ನಾಣ್ಯ ಮತ್ತು ಅದಕ್ಕೆ ಆಧಾರವಾಗಿದ್ದ ಲೂನಾ ಎಂಬ ಇನ್ನೊಂದು ನಾಣ್ಯ ಕೆಲವೇ ದಿನಗಳಲ್ಲಿ ನೆಲಕಚ್ಚಿದ್ದವು. ಅಲ್ಲಿ ಜನರನ್ನು ಸೆಳೆದದ್ದು ಠೇವಣಿಗೆ ಸುಮಾರು ಶೇ 20 ಬಡ್ಡಿ. ಸಾಲ ಪಡೆದವರಿಂದ ಬರುವ ಬಡ್ಡಿ ಸಾಲದೆ, ಕೊರತೆಯನ್ನು ಮೀಸಲು ನಿಧಿಯಿಂದ ತುಂಬಲಾಗುತ್ತಿತ್ತು. ಲೆಕ್ಕ ಗುಟ್ಟಿನದೇನೂ ಆಗಿರಲಿಲ್ಲ, ನೋಡಿದವರು ಕಡಿಮೆ.

ನಮ್ಮಲ್ಲಿ 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆಯಿದೆ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಆದ್ದರಿಂದ ಸುದ್ದಿ ಕೇಳಿ ನಾಣ್ಯದಿಂದ ನಾಣ್ಯಕ್ಕೆ ಹಾರುವವರು ಒಟ್ಟಾರೆ ಕಳೆದುಕೊಂಡ ವರ್ಷವೂ ತೆರಿಗೆ ಕಟ್ಟಬೇಕಾಗಬಹುದು.

ತಮ್ಮ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ನಾಣ್ಯವೊಂದರ ದರ ಏರಿದ ಸುದ್ದಿ ಹಾಕುವಾಗ, ಆ ಯೋಜನೆ ಯಾವಾಗ ಆರಂಭವಾಯಿತು, ಏನು ಮಾಡುವುದಾಗಿ ಹೇಳಿತ್ತು, ಅದರಲ್ಲಿ ಎಷ್ಟು ಆಗಿದೆ, ನಾಣ್ಯದ ಎಷ್ಟು ಪಾಲು ಹುಟ್ಟುಹಾಕಿದವರ ಕೈಯಲ್ಲೇ ಇದೆ ಎಂಬ ನಾಲ್ಕು ಸಾಲನ್ನೂ ಸೇರಿಸಬೇಕೆಂದು ವಿನಂತಿ.

– ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ