ಮೇಕೂಂಬ್‌ನ ಮಕ್ಕಳು ಮತ್ತು ಟಾಮ್‌ನ ಮಕ್ಕಳು

ಸಂಪಾದಕರೇ,

ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಬಗ್ಗೆ ಮಾತು ಬಂದಾಗೆಲ್ಲ ಅದು ವಕೀಲ ಆಟಿಕಸ್ ಫಿಂಚ್‌ನ ಒಳ್ಳೆಯತನಕ್ಕೇ ಬಂದು ನಿಲ್ಲುತ್ತದೆ. 1962ರ ಸಿನಿಮಾ ನೋಡಿದವರಿಗಂತೂ ಆ ಪಾತ್ರ ಮಾಡಿದ ಗ್ರೆಗರಿ ಪೆಕ್‌ನ ಮುಖವೇ ನೆನಪು. ಆದರೆ 1960ರಲ್ಲಿ ಬಂದ ಈ ಕಾದಂಬರಿ ನನ್ನನ್ನು ಹಿಡಿದು ಕೂರಿಸಿದ್ದು ಅದರ ಮಕ್ಕಳಿಂದ. ಕತೆ ಶುರುವಾದಾಗ ಆಟಿಕಸ್‌ನ ಮಗಳು ಸ್ಕೌಟ್‌ಗೆ ಇನ್ನೂ ಆರು ತುಂಬಿಲ್ಲ, ಅಣ್ಣ ಜೆಮ್‌ಗೆ ಹತ್ತರ ಹತ್ತಿರ. ಊರು ಅಮೆರಿಕದ ಅಲಬಾಮಾ ರಾಜ್ಯದ ಮೇಕೂಂಬ್, ಕಾಲ 1930ರ ದಶಕ.

ಕಪ್ಪು ಕೂಲಿಯಾಳು ಟಾಮ್ ರಾಬಿನ್‌ಸನ್ ಬಿಳಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಮಾಡಿದ ಅನ್ನೋದು ಆರೋಪ. ಅವನ ಪರ ವಾದಿಸುವವನು ಆಟಿಕಸ್. ಅವಳಿಗೆ ಪೆಟ್ಟು ಬಿದ್ದಿದ್ದು ಮುಖದ ಬಲಗಡೆ, ಅಂದರೆ ಹೊಡೆದವನು ಎಡಚನೇ ಇರಬೇಕು. ಟಾಮ್‌ನ ಎಡಗೈ ನೋಡಿದರೆ ಹುಡುಗನಾಗಿದ್ದಾಗಲೇ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರಕ್ಕೆ ಸಿಕ್ಕಿ ಹಾಳಾಗಿದೆ. ಕೋರ್ಟಿನಲ್ಲಿ ಕಪ್ಪು ಜನರನ್ನು ಕೂರಿಸುವ ಬಾಲ್ಕನಿಯಿಂದ ಇದನ್ನೆಲ್ಲ ಕೇಳಿದ ಜೆಮ್, ಗೆದ್ದೇ ಗೆಲ್ಲುತ್ತೇವೆ ಅಂತ ನಂಬಿಬಿಡುತ್ತಾನೆ. ಬಿಳಿ ಗಂಡಸರೇ ತುಂಬಿದ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಊರ ಜನರ ಗುಂಪು (ಹೆಂಗಸರಿಗೆ ಅಲ್ಲಿ ಕೂರುವ ಹಕ್ಕೇ ಇರಲಿಲ್ಲ) ಟಾಮ್ ಅಪರಾಧಿ ಎಂದು ಹೇಳುತ್ತದೆ. ಜೆಮ್ ಅಳುತ್ತಾನೆ. ಅವನಿಗಿಂತ ಮೊದಲೇ ಅತ್ತವನು ಗೆಳೆಯ ಡಿಲ್, ಸರ್ಕಾರಿ ವಕೀಲ ಟಾಮ್‌ನನ್ನು ತುಚ್ಛವಾಗಿ ಪ್ರಶ್ನಿಸಿದ್ದನ್ನು ತಡೆಯಲಾರದೆ. ಆಗ ಡಾಲ್ಫಸ್ ರೇಮಂಡ್ ಅನ್ನೋ ಊರಿನ ಒಬ್ಬ ಬಿಳಿಯ ಹೇಳುವ ಮಾತು ಇಡೀ ಪುಸ್ತಕದಲ್ಲೇ ನನ್ನನ್ನು ಜಾಸ್ತಿ ಕಾಡಿದ್ದು: ಇವನು ಇನ್ನೊಂದಿಷ್ಟು ದೊಡ್ಡವನಾಗಲಿ, ಆಮೇಲೆ ಇಂಥದ್ದಕ್ಕೆ ಅಳುವುದಿಲ್ಲ. ಆ ಊರಲ್ಲಿ ದೊಡ್ಡವರಾಗುವುದು ಅಂದರೆ ಅದೇ ಅಲ್ವಾ?

ಶಾಲೆಯಲ್ಲಿ ಮಿಸ್ ಗೇಟ್ಸ್ ಹಿಟ್ಲರ್ ಯಹೂದಿಗಳಿಗೆ ಕೊಟ್ಟ ಹಿಂಸೆ ಬಗ್ಗೆ ನೊಂದು ಪಾಠ ಮಾಡುತ್ತಾರೆ. ಅದೇ ಟೀಚರ್ ಕೋರ್ಟ್ ಮೆಟ್ಟಿಲ ಬಳಿ, ಈ ಕಪ್ಪು ಜನಕ್ಕೆ ಯಾರಾದರೂ ಬುದ್ಧಿ ಕಲಿಸಬೇಕು ಅಂದಿದ್ದು ಸ್ಕೌಟ್ ಕಿವಿಗೆ ಬಿದ್ದಿದೆ. ಇದು ಹೇಗೆ ಅಂತ ಸ್ಕೌಟ್ ಕೇಳಿದರೆ ಜೆಮ್ ತಂಗಿಯ ಕಾಲರ್ ಹಿಡಿದು ಅಲುಗಾಡಿಸಿ, ಆ ಕೋರ್ಟಿನ ಸುದ್ದಿ ಮತ್ತೆ ಎತ್ತಬೇಡ ಅಂತ ಕೂಗಾಡುತ್ತಾನೆ. ಅಷ್ಟು ನೋವು ಆಗಿದೆ ಅವನಿಗೆ. ಇದು ಪುಟ್ಟ ಪ್ರಸಂಗ, ಸುಮ್ನೆ ದಾಟಿ ಹೋಗುವವರೇ ಜಾಸ್ತಿ.

ಪುಸ್ತಕದ ಮೇಲೆ ನನಗೆ ಒಂದು ತಕರಾರೂ ಇದೆ. ಟಾಮ್‌ಗೂ ಮೂವರು ಮಕ್ಕಳಿದ್ದಾರೆ. ಜೈಲಿನಿಂದ ಓಡಲು ಹೋದ ಅಪ್ಪನಿಗೆ ಹದಿನೇಳು ಗುಂಡು ಬಿದ್ದ ಮೇಲೆ ಅವರು ಹೇಗೆ ಬೆಳೆದರು? ಸ್ಕೌಟ್ ಅನ್ಯಾಯವನ್ನು ಬಾಲ್ಕನಿಯಿಂದ ನೋಡಿ ಕಲಿತಳು, ಅವರು ತಮ್ಮ ಮನೆಯಲ್ಲೇ ಅನುಭವಿಸಿದರು. ಅವರ ಮಾತು ಪುಸ್ತಕದಲ್ಲಿ ಇಲ್ಲವೇ ಇಲ್ಲ.

ನಿಜವಾದ ಅಲಬಾಮಾದಲ್ಲಿ 1931ರಲ್ಲಿ, ಸ್ಕಾಟ್ಸ್‌ಬರೋ ಊರಲ್ಲಿ, ಒಂಬತ್ತು ಕಪ್ಪು ಹುಡುಗರ ಮೇಲೆ ಇಂಥದ್ದೇ ಸುಳ್ಳು ಆರೋಪ ಬಂತು. ಅದರಲ್ಲಿ ತೀರಾ ಚಿಕ್ಕವರಿಗೆ ಹದಿಮೂರರ ಆಸುಪಾಸು. ಬಿಳಿಯರದ್ದೇ ಜ್ಯೂರಿ, ಎಂಟು ಮಂದಿಗೆ ಮರಣದಂಡನೆ. ಗಲ್ಲಿಗೇನೋ ಹಾಕಲಿಲ್ಲ, ಆದರೆ ಆ ಹುಡುಗರು ದೊಡ್ಡವರಾಗಿದ್ದು ಜೈಲಿನಲ್ಲಿ. ಅವರಲ್ಲಿ ಕೊನೆಯ ಮೂವರಿಗೆ ಆ ರಾಜ್ಯ ಕ್ಷಮಾದಾನ ಕೊಟ್ಟಿದ್ದು 2013ರಲ್ಲಿ, ಆಗ ಅವರು ಯಾರೂ ಬದುಕಿರಲಿಲ್ಲ.

ಈ ಕಾದಂಬರಿಯನ್ನು ಮಕ್ಕಳಿಗೆ ಓದಿಸುವ ಮೇಷ್ಟ್ರುಗಳು ಸ್ಕಾಟ್ಸ್‌ಬರೋ ಕೇಸಿನ ಕತೆಯನ್ನೂ ಜೊತೆಗೇ ಹೇಳಲಿ. ಮಿಸ್ ಗೇಟ್ಸ್ ಇರುವ ಅಧ್ಯಾಯವನ್ನು ದಯವಿಟ್ಟು ಬಿಡಬೇಡಿ.

ಇಂತಿ,
ಒಬ್ಬ ಓದುಗ