ಅಂಗಡಿ ಬೋರ್ಡಿನ ಮೇಲೆ ಲೈಸೆನ್ಸ್ ನಂಬರ್ ಬರಲಿ: ಕೋಲಾರದ ಸಂಸದರಿಗೊಂದು ಬಹಿರಂಗ ಪತ್ರ

ಕೋಲಾರ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರ.

ನಮ್ಮೂರಲ್ಲಿ ಗೊಬ್ಬರದಂಗಡಿ ಇಡಬೇಕಾದರೆ ಲೈಸೆನ್ಸ್ ಬೇಕು. ಮೆಡಿಕಲ್ ಸ್ಟೋರ್ ಇಡಬೇಕಾದರೆ ಅದನ್ನೇ ಓದಿದ ಫಾರ್ಮಸಿಸ್ಟ್ ಬೇಕು. ಆದರೆ ‘ಕೆನಡಾ ಪಿ.ಆರ್., ಆಸ್ಟ್ರೇಲಿಯಾ ಪಿ.ಆರ್.’ (ಪಿ.ಆರ್. ಎಂದರೆ ಆ ದೇಶದಲ್ಲಿ ಕಾಯಂ ನೆಲೆಸುವ ಅನುಮತಿ) ಎಂದು ಫ್ಲೆಕ್ಸ್ ಕಟ್ಟಿ, ಒಂದು ಮನೆಯವರು ಒಡವೆ ಅಡವಿಟ್ಟು ತಂದ ದುಡ್ಡನ್ನು ಫೀಸೆಂದು ತೆಗೆದುಕೊಳ್ಳುವವರಿಗೆ ಯಾವ ಓದೂ ಬೇಡ, ಯಾವ ಪರೀಕ್ಷೆಯೂ ಬೇಡ. ಮಹಡಿ ಮೇಲೊಂದು ರೂಮು, ಗಾಜಿನ ಬಾಗಿಲು, ಗೋಡೆಗೊಂದು ಭೂಪಟ ಇದ್ದರೆ ಅಂಗಡಿ ಶುರು. ಈ ಬಗ್ಗೆ ತಾವು ಮಾಡಬಹುದಾದ ಕೆಲಸಗಳಿವೆ ಎಂದು ನಂಬಿ ಬರೆಯುತ್ತಿದ್ದೇನೆ.

ನಾನು ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಹೇಳಿಕೊಟ್ಟು ನಿವೃತ್ತನಾದವನು. ನನ್ನ ಹಳೆಯ ಹುಡುಗರು ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿದ್ದಾರೆ. ಹಲವರು ಇನ್ನೂ ಮಾರಿಕುಪ್ಪಂ ರೈಲು ಹಿಡಿದು ದಿನಾ ಬೆಂಗಳೂರಿಗೆ ಹೋಗಿ ಬರುತ್ತಾರೆ. ಹೊರದೇಶಕ್ಕೆ ಹೋಗುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಕೆಜಿಎಫ್‌ನ ಎಷ್ಟೋ ಆಂಗ್ಲೋ-ಇಂಡಿಯನ್ ಕುಟುಂಬಗಳು ಆಸ್ಟ್ರೇಲಿಯಾ, ಇಂಗ್ಲೆಂಡ್ ಸೇರಿ ದಶಕಗಳೇ ಆದವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಬೆಳೆದ ಮಕ್ಕಳಿಗಂತೂ ಊರು ಬಿಡುವುದೇ ಮೊದಲ ಪಾಠ. ಹೋಗಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಸೈನ್ ಹಾಕುವ ಮುಂಚೆ ತಂದು ತೋರಿಸಿ ಎಂದಷ್ಟೇ ಹೇಳುತ್ತೇನೆ. ಹಾಗೆ ಬಂದ ಒಪ್ಪಂದದ ಪತ್ರಗಳನ್ನು ಓದಿ ಓದಿಯೇ ಈ ಪತ್ರ ಹುಟ್ಟಿದ್ದು.

ಮೊದಲು ನಮ್ಮ ಕಾನೂನಿನಲ್ಲಿರುವ ತೂತು. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ನೇಮಿಸಿ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದ ಅಡಿಯಲ್ಲಿರುವ ಪ್ರೊಟೆಕ್ಟರ್ ಜನರಲ್ ಆಫ್ ಎಮಿಗ್ರೆಂಟ್ಸ್ ಬಳಿ ನೋಂದಾಯಿಸಿಕೊಳ್ಳಬೇಕು. ಬ್ಯಾಂಕ್ ಗ್ಯಾರಂಟಿ ಇಡಬೇಕು. ಕೆಲಸಗಾರನಿಂದ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಇಷ್ಟಕ್ಕಿಂತ ಹೆಚ್ಚು ಸೇವಾ ಶುಲ್ಕ ವಸೂಲಿ ಮಾಡುವಂತಿಲ್ಲ. ನೋಂದಾಯಿತರ ಪಟ್ಟಿ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಮುಳಬಾಗಿಲಿನ ಗಾರೆ ಕೆಲಸದವನು ಸೌದಿಗೆ ಹೊರಟರೆ, ಕಾಗದದ ಮೇಲಾದರೂ, ಅವನ ಬೆನ್ನಿಗೆ ಇಷ್ಟಿದೆ.

ಡಿಪ್ಲೊಮಾ ಓದಿದ ಹುಡುಗ ಕೆನಡಾಕ್ಕೆ ಹೊರಟರೆ? ಕನ್ಸಲ್ಟೆನ್ಸಿಯವರು ಹೇಳುತ್ತಾರೆ: ನಾವು ಕೆಲಸ ಕೊಡಿಸುವವರಲ್ಲ, ವೀಸಾಕ್ಕೆ ಸಲಹೆ ಕೊಡುವವರು, ಆ ಕಾಯ್ದೆ ನಮಗೆ ತಾಗುವುದಿಲ್ಲ. ತಮಾಷೆ ಎಂದರೆ ಇದೇ ಅಂಗಡಿಯ ಫ್ಲೆಕ್ಸಿನ ಮೇಲೆ ‘ಉದ್ಯೋಗ ಖಾತ್ರಿ’ ಎಂದು ಮೊಳದುದ್ದದ ಅಕ್ಷರಗಳಿರುತ್ತವೆ. ಒಪ್ಪಂದದ ಕೊನೆಯ ಪುಟದಲ್ಲಿ ಸಾಸಿವೆ ಕಾಳಿನ ಅಕ್ಷರದಲ್ಲಿ ‘ಸಂಸ್ಥೆಯು ಯಾವುದೇ ಉದ್ಯೋಗದ ಭರವಸೆ ನೀಡಿರುವುದಿಲ್ಲ’ ಎಂದಿರುತ್ತದೆ. ಕೆಲಸದ ಆಸೆ ತೋರಿಸಿ ಜಾಹೀರಾತು ಕೊಟ್ಟರೆ ಅದೂ ನೇಮಕಾತಿಯೇ, ಅದಕ್ಕೂ ನೋಂದಣಿ ಬೇಕು ಎಂದು ಕಾಯ್ದೆ ಹೇಳುತ್ತದೆ. ಆದರೆ ಫ್ಲೆಕ್ಸ್ ಓದಿ ಕೇಸು ಹಾಕುವವರು ಯಾರು? ಹಾಕಿದರೂ ಕಾಯ್ದೆಯಲ್ಲಿರುವ ಶಿಕ್ಷೆ ಎರಡು ವರ್ಷದವರೆಗೆ ಜೈಲು, ಜತೆಗೆ ಎರಡು ಸಾವಿರ ರೂಪಾಯಿವರೆಗೆ ದಂಡ. ಎರಡು ಸಾವಿರ! 1983ರಲ್ಲಿ ಅದು ದೊಡ್ಡ ಮೊತ್ತವಾಗಿದ್ದಿರಬಹುದು.

ನಾನು ಓದಿದ ಒಪ್ಪಂದಗಳಲ್ಲಿ ಬಹುತೇಕ ಎಲ್ಲದರಲ್ಲೂ ಫೀಸು ಕಂತಿನಲ್ಲಿದೆ, ಮೊದಲ ಕಂತೇ ದೊಡ್ಡದು, ವಾಪಸಿಲ್ಲ. ವೀಸಾ ಬಂದರೆ ಅವರ ಸಾಮರ್ಥ್ಯ, ಬರದಿದ್ದರೆ ಆ ದೇಶದ ಸರ್ಕಾರದ ನಿರ್ಧಾರ. ಬೋರ್‌ವೆಲ್‌ಗೆ ಪಾಯಿಂಟ್ ತೋರಿಸುವವರನ್ನು ಕಂಡಿರುವ ಜಿಲ್ಲೆ ಇದು. ನೀರು ಬಿದ್ದರೆ ಅವನ ವಿದ್ಯೆ, ಬೀಳದಿದ್ದರೆ ನಿಮ್ಮ ಹಣೆಬರಹ. ಆದರೂ ಪಾಯಿಂಟ್ ತೋರಿಸುವವನು ನಿಮ್ಮ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದಿಲ್ಲ, ನಿಮ್ಮ ಹೆಸರಿನಲ್ಲಿ ಇಮೇಲ್ ತೆರೆದು ಪಾಸ್‌ವರ್ಡ್ ತನ್ನಲ್ಲೇ ಇಟ್ಟುಕೊಳ್ಳುವುದಿಲ್ಲ.

ಈಗ ಆ ದೇಶಗಳ ಕಾನೂನು ನೋಡಿ. ಕೆನಡಾದ ವಲಸೆ ಕಾಯ್ದೆಯ 91ನೇ ಕಲಮಿನ ಪ್ರಕಾರ ದುಡ್ಡು ಪಡೆದು ವಲಸೆ ಸಲಹೆ ಕೊಡುವ ಹಕ್ಕಿರುವುದು ಮುಖ್ಯವಾಗಿ ಮೂವರಿಗೆ: ಅಲ್ಲಿನ ವಕೀಲರಿಗೆ, ಕ್ವಿಬೆಕ್‌ನ ನೋಟರಿಗಳಿಗೆ, ಮತ್ತು ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್‌ನ ಲೈಸೆನ್ಸ್ ಇರುವ ಸಲಹೆಗಾರರಿಗೆ. ಕಾಲೇಜ್ ಎಂದರೆ ಪಾಠದ ಕಾಲೇಜಲ್ಲ, 2021ರ ನವೆಂಬರ್‌ನಿಂದ ಕೆಲಸ ಮಾಡುತ್ತಿರುವ ನಿಯಂತ್ರಣ ಸಂಸ್ಥೆ. ಈ ಸಲಹೆಗಾರರನ್ನು ಆರ್‌ಸಿಐಸಿ ಎನ್ನುತ್ತಾರೆ. ಪ್ರತಿಯೊಬ್ಬರಿಗೂ ‘ಆರ್’ ಅಕ್ಷರದಿಂದ ಶುರುವಾಗುವ ನಂಬರ್ ಇದೆ. ಕಾಲೇಜಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯೋ ಅಮಾನತಾಗಿದೆಯೋ ಎನ್ನುವುದೂ ಕಾಣುತ್ತದೆ. ಎರಡು ನಿಮಿಷದ ಕೆಲಸ, ಮೊಬೈಲಿನಲ್ಲೇ ಆಗುತ್ತದೆ. ನ್ಯೂಜಿಲೆಂಡಿನದು ಇನ್ನೂ ಬಿಗಿ. ಅವರ 2007ರ ಕಾಯ್ದೆ ನ್ಯೂಜಿಲೆಂಡ್ ವಲಸೆಗೆ ಸಲಹೆ ಕೊಡುವವರು ಪ್ರಪಂಚದ ಯಾವ ಮೂಲೆಯಲ್ಲಿ ಕೂತಿದ್ದರೂ ಲೈಸೆನ್ಸ್ ಕೇಳುತ್ತದೆ. ಅಲ್ಲಿನ ವಕೀಲರಂಥ ಕೆಲವರಿಗಷ್ಟೇ ವಿನಾಯಿತಿ. ಬ್ರಿಟನ್ನಿನಲ್ಲಿ ಈ ನಿಯಂತ್ರಣ ಸಂಸ್ಥೆಗೆ 2025ರಿಂದ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ ಎಂದು ಹೆಸರು. ಹೊರದೇಶದವರಿಗೆ ಕೆಲಸ ಕೊಡಲು ಅನುಮತಿ ಇರುವ ಅಲ್ಲಿನ ಕಂಪನಿಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸುತ್ತದೆ. ಅಂಥ ಕಂಪನಿ ವೀಸಾಕ್ಕಾಗಿ ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟನ್ನು ದುಡ್ಡಿಗೆ ಮಾರುತ್ತೇನೆ ಎಂದವನ ಹತ್ತಿರ ಕೂರಲೂ ಬಾರದು.

ಆಸ್ಟ್ರೇಲಿಯಾದ ವಿಚಾರದಲ್ಲಿ ನಮ್ಮವರು ಎಡವುವುದು ಹೆಚ್ಚು. ಅಲ್ಲಿ ಮೈಗ್ರೇಷನ್ ಏಜೆಂಟರು ಓಮಾರಾ ಎಂಬ ಸರ್ಕಾರಿ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು ಏಳಂಕಿಯ ನಂಬರ್ ಪಡೆಯಬೇಕು. ಆದರೆ ಈ ಕಡ್ಡಾಯ ಆಸ್ಟ್ರೇಲಿಯಾದೊಳಗೆ ಕೂತು ಸಲಹೆ ಕೊಡುವವರಿಗೆ ಮಾತ್ರ. ಕೋಲಾರದಲ್ಲೋ ಕೋರಮಂಗಲದಲ್ಲೋ ಕೂತವನಿಗೆ ಅವರ ಕಾನೂನೂ ಇಲ್ಲ, ನಮ್ಮ ಕಾನೂನೂ ಇಲ್ಲ. ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳಿಗೆ ಅಲ್ಲಿ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾದ ಮೂಲಕ ಕೌಶಲ ಪರಿಶೀಲನೆ ಇದೆ. ಯಾವ ಟ್ರೇಡಿಗೆ ಎಷ್ಟು ವರ್ಷದ ಅನುಭವ, ಯಾವ ದಾಖಲೆ, ಪ್ರಾಯೋಗಿಕ ಪರೀಕ್ಷೆ ಇದೆಯೇ ಎಂಬುದನ್ನು ಬಲ್ಲವನು ಹುಡುಗನ ಐಟಿಐ ಪಾಸಾದ ಎನ್‌ಟಿಸಿ ಸರ್ಟಿಫಿಕೇಟ್ ನೋಡಿ ನಾಲ್ಕು ಪ್ರಶ್ನೆ ಕೇಳುತ್ತಾನೆ. ತಿಳಿಯದವನು ‘ಬಿ.ಇ. ಇಲ್ವಾ? ಪರವಾಗಿಲ್ಲ, ನೋಡ್ಕೊಳ್ಳೋಣ ಬಿಡಿ’ ಎನ್ನುತ್ತಾನೆ. ಆ ‘ನೋಡ್ಕೊಳ್ಳೋಣ ಬಿಡಿ’ ಕೇಳಿದ ಕೂಡಲೇ ಎದ್ದು ಬನ್ನಿ ಎಂದು ನನ್ನ ಹುಡುಗರಿಗೆ ಹೇಳಿದ್ದೇನೆ.

ಇನ್ನೊಂದು ಆಟ ಸೂಕ್ಷ್ಮವಾದದ್ದು. ‘ನಮ್ಮ ಆರ್‌ಸಿಐಸಿ ಟೊರಾಂಟೊದಲ್ಲಿದ್ದಾರೆ ಸಾರ್’ ಎಂದು ನಿಜವಾದ ಹೆಸರು, ನಿಜವಾದ ನಂಬರನ್ನೇ ತೋರಿಸುತ್ತಾರೆ. ಹುಡುಕಿದರೆ ಸಿಗುತ್ತದೆ, ಮನೆಯವರಿಗೆ ಸಮಾಧಾನ. ಆದರೆ ಆ ಮನುಷ್ಯನಿಗೆ ಈ ಹುಡುಗನೊಬ್ಬ ಇದ್ದಾನೆ ಎಂಬುದೇ ಗೊತ್ತಿರುವುದಿಲ್ಲ. ಅದಕ್ಕೇ ನಾನು ನೋಡುವುದು ಎರಡನ್ನು. ಒಪ್ಪಂದಕ್ಕೆ ಸಹಿ ಹಾಕಿದವರು ಲೈಸೆನ್ಸ್ ಇರುವ ಆ ವ್ಯಕ್ತಿಯೇ ಹೌದೇ? ಕೆನಡಾ ಸರ್ಕಾರಕ್ಕೆ ಕೊಡುವ ಪ್ರತಿನಿಧಿಯ ಫಾರಂನಲ್ಲಿ, ಅದರ ನಂಬರ್ ಐಎಂಎಂ 5476, ಅವರ ಹೆಸರಿದೆಯೇ? ದುಡ್ಡು ಪಡೆದವನು ತನ್ನ ಹೆಸರು ಎಲ್ಲೂ ಬರದಂತೆ, ಹುಡುಗನೇ ಅರ್ಜಿ ಹಾಕಿದಂತೆ ಕಳಿಸಿದರೆ ಅವನಿಗೆ ಅಲ್ಲಿ ‘ಘೋಸ್ಟ್ ಕನ್ಸಲ್ಟೆಂಟ್’ ಎನ್ನುತ್ತಾರೆ. ಕೆನಡಾದಲ್ಲಿ ಅದು ಅಪರಾಧ. ಸರಿ, ಕೆನಡಾದ ಪೊಲೀಸರು ಕೋಲಾರದ ಡೂಂ ಲೈಟ್ ವೃತ್ತಕ್ಕೆ ಬಂದು ಹಿಡಿಯುತ್ತಾರೆಯೇ?

ಸಿಕ್ಕಿಬೀಳುವುದು ಹುಡುಗ. ಅನುಭವದ ಪತ್ರದಲ್ಲಿ ಎರಡು ವರ್ಷ ಜಾಸ್ತಿ ಬರೆಸಿದ್ದು ಏಜೆಂಟ್ ಆದರೂ ಅರ್ಜಿ ಹುಡುಗನದು. ಸುಳ್ಳು ಮಾಹಿತಿ ಎಂದು ತೀರ್ಮಾನವಾದರೆ ಕೆನಡಾ ಐದು ವರ್ಷ ಬಾಗಿಲು ಮುಚ್ಚುತ್ತದೆ; ಆಸ್ಟ್ರೇಲಿಯಾದಲ್ಲಿ ನಕಲಿ ದಾಖಲೆಗೆ ಸಾಮಾನ್ಯವಾಗಿ ಮೂರು ವರ್ಷ. ನಮ್ಮ ಹುಡುಗರೆಲ್ಲ ಏನೂ ಅರಿಯದವರು ಎಂದೂ ಹೇಳಲಾರೆ. ಸುಳ್ಳು ಪತ್ರ ಎಂದು ಗೊತ್ತಿದ್ದೇ ‘ಎಲ್ಲರೂ ಮಾಡ್ತಾರೆ ಸಾರ್’ ಎಂದವರಿದ್ದಾರೆ. ಅಂಥವರಿಗೆ ಬೈದಿದ್ದೇನೆ. ಆದರೆ ಆ ಮಾತನ್ನು ಅವರ ಕಿವಿಗೆ ಹಾಕಿದವನು ಫೀಸು ಎಣಿಸಿಕೊಂಡು ಹಾಯಾಗಿದ್ದಾನೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಸೇರಿಸಬೇಕು: ಎಷ್ಟೋ ಮಂದಿಗೆ ಸಲಹೆಗಾರರೇ ಬೇಕಿಲ್ಲ. ನುರಿತ ಕೆಲಸಗಾರರ ವಲಸೆಗೆಂದೇ ಇರುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆಗಳಾದ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಪ್ರೊಫೈಲ್ ಹಾಕಲು, ಆಸ್ಟ್ರೇಲಿಯಾದ ಸ್ಕಿಲ್‌ಸೆಲೆಕ್ಟ್‌ನಲ್ಲಿ ಆಸಕ್ತಿ ತಿಳಿಸಲು ಆ ಸರ್ಕಾರಗಳು ಶುಲ್ಕವನ್ನೇ ಕೇಳುವುದಿಲ್ಲ. ಏಜೆಂಟ್ ಇದ್ದ ಮಾತ್ರಕ್ಕೆ ಅರ್ಜಿ ಬೇಗ ಓಡುವುದಿಲ್ಲ, ಅರ್ಹತೆಯ ಪಾಯಿಂಟೂ ಹೆಚ್ಚುವುದಿಲ್ಲ. ಹಿಂದೆ ವೀಸಾ ರಿಫ್ಯೂಸ್ ಆದವರಿಗೆ, ಪೊಲೀಸ್ ಕೇಸ್ ಇರುವವರಿಗೆ, ಮನೆಯಲ್ಲಿ ಗಂಭೀರ ಕಾಯಿಲೆಯ ಮಗು ಇರುವವರಿಗೆ ಬಲ್ಲ ಸಲಹೆಗಾರ ನಿಜಕ್ಕೂ ಬೇಕು, ಅವರ ಫೀಸು ಸಾರ್ಥಕ. ಉಳಿದವರು ಇಂಗ್ಲಿಷ್ ಫಾರಂಗೆ ಹೆದರಿ ಹಣ ಕೊಡುತ್ತಿದ್ದಾರೆ. ಆ ಹೆದರಿಕೆಯನ್ನು ತೆಗೆಯಲು ಒಂದು ಕಂಪ್ಯೂಟರ್, ಜತೆಗೆ ತಾಳ್ಮೆಯ ಒಬ್ಬ ನೌಕರ ಸಾಕು.

ಪಂಜಾಬು 2012ರಲ್ಲೇ ಕಾಯ್ದೆ ಮಾಡಿ ಟ್ರಾವೆಲ್ ಏಜೆಂಟರು, ವಲಸೆ ಕನ್ಸಲ್ಟೆಂಟರು ಜಿಲ್ಲಾಡಳಿತದಿಂದ ಲೈಸೆನ್ಸ್ ಪಡೆಯಬೇಕೆಂದಿತು. ಹಾಗಿದ್ದೂ 2023ರಲ್ಲಿ ಅಲ್ಲಿನ ಎಷ್ಟೋ ವಿದ್ಯಾರ್ಥಿಗಳು ಏಜೆಂಟ್ ಕೊಟ್ಟ ನಕಲಿ ಪ್ರವೇಶ ಪತ್ರಗಳಿಂದಾಗಿ ಕೆನಡಾದಲ್ಲಿ ಗಡೀಪಾರಿನ ನೋಟಿಸ್ ಎದುರಿಸಿದರು. ಜಿಲ್ಲಾಡಳಿತದ ಲೈಸೆನ್ಸ್ ಅಂಗಡಿಯವನು ಯಾರು, ಎಲ್ಲಿಯವನು ಎಂದು ಹೇಳುತ್ತದೆ. ಅವನಿಗೆ ಕೆನಡಾದ ಕಾನೂನು ಗೊತ್ತೇ ಎಂದು ಹೇಳುವುದಿಲ್ಲ. ಆದ್ದರಿಂದ ನಾನು ಕೇಳುವುದು ಎರಡನ್ನೂ: ಇಲ್ಲಿ ನೋಂದಣಿ, ಜತೆಗೆ ಆಯಾ ದೇಶದ ಲೈಸೆನ್ಸ್ ಇರುವವರ ಹೆಸರು, ನಂಬರು ಅಂಗಡಿಯ ಬೋರ್ಡಿನ ಮೇಲೆ, ಕನ್ನಡದಲ್ಲಿ. ಲೈಸೆನ್ಸ್ ಇರುವವರು ಯಾರೂ ಇಲ್ಲದಿದ್ದರೆ ‘ನಮ್ಮಲ್ಲಿ ಯಾರೂ ಇಲ್ಲ’ ಎಂದು ಅದನ್ನೂ ಬರೆಯಲಿ.

ತಮ್ಮಿಂದ ಆಗಬೇಕಾದ್ದು ಇಷ್ಟು. 1983ರ ಕಾಯ್ದೆಯ ಬದಲಿಗೆ ಹೊಸದನ್ನು ತರಲು ಕೇಂದ್ರ ಸರ್ಕಾರ 2025ರಲ್ಲಿ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತ್ತು. ಹೊಸ ಕಾಯ್ದೆ ಯಾವ ರೂಪದಲ್ಲಿ ಬಂದರೂ ‘ದುಡ್ಡು ಪಡೆದು ವಲಸೆ ಸಲಹೆ ಕೊಡುವವರು’ ಅದರ ವ್ಯಾಖ್ಯೆಯೊಳಗೆ ಸ್ಪಷ್ಟವಾಗಿ ಬರಲಿ ಎಂದು ಸಂಸತ್ತಿನಲ್ಲಿ ಕೇಳಿ. ಚಿಂತಾಮಣಿ, ಶಿಡ್ಲಘಟ್ಟವೂ ತಮ್ಮ ಕ್ಷೇತ್ರದಲ್ಲೇ ಇರುವುದರಿಂದ ಇದು ಎರಡು ಜಿಲ್ಲೆಗಳ ಮಕ್ಕಳ ಮಾತು.

ದಿಲ್ಲಿಯದು ನಿಧಾನವಾಗಬಹುದು, ಇಲ್ಲಿಯದು ನಿಧಾನವಾಗಬೇಕಿಲ್ಲ. ಕೇಂದ್ರದ ಯೋಜನೆಗಳ ಪ್ರಗತಿ ನೋಡುವ ಜಿಲ್ಲೆಯ ದಿಶಾ ಸಭೆಯಲ್ಲಿ ಜಿಲ್ಲಾಧಿಕಾರಿಗಳು, ಪೊಲೀಸ್ ವರಿಷ್ಠಾಧಿಕಾರಿಗಳೊಡನೆ ಕೂರುವವರು ತಾವು. ನಗರಸಭೆ, ಪುರಸಭೆಗಳು ಉದ್ದಿಮೆ ಪರವಾನಗಿ ಕೊಟ್ಟ ಕನ್ಸಲ್ಟೆನ್ಸಿಗಳ ಪಟ್ಟಿ ತರಿಸಿ, ಅದನ್ನು ಇ-ಮೈಗ್ರೇಟ್ ಪಟ್ಟಿಯ ಜತೆ ತಾಳೆ ನೋಡಿಸಿ. ರಾಜ್ಯ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಇದೆ. ಅದರ ಒಂದು ಮೇಜು ವಾರಕ್ಕೊಮ್ಮೆಯಾದರೂ ಕೋಲಾರದ ಉದ್ಯೋಗ ವಿನಿಮಯ ಕಚೇರಿಯಲ್ಲಿ ಬೀಳಲಿ. ವಲಸಿಗರಿಗೆ ವಿದೇಶಾಂಗ ಸಚಿವಾಲಯದ ಸಹಾಯವಾಣಿ 1800-11-3090, ಆನ್‌ಲೈನಿನಲ್ಲಿ ದುಡ್ಡು ಹೋದರೆ ಕೂಡಲೇ ಕರೆಯಬೇಕಾದ 1930, ಇವೆರಡನ್ನೂ ಪ್ರತಿ ಐಟಿಐ, ನರ್ಸಿಂಗ್ ಕಾಲೇಜಿನ ಗೋಡೆಗೆ ಬರೆಸಿ.

ಕೊನೆಯದು ಸ್ವಲ್ಪ ಮುಜುಗರದ ಮಾತು. ಯಾವ ಪಕ್ಷದವರೇ ಇರಲಿ, ಕರೆದರೆ ನಮ್ಮ ಜನಪ್ರತಿನಿಧಿಗಳು ಇಂಥ ಅಂಗಡಿಗಳ ಟೇಪು ಕತ್ತರಿಸಿ ಬರುತ್ತಾರೆ. ಆ ಫೋಟೊ ಫ್ರೇಮ್ ಆಗಿ ಮಾಲೀಕನ ಕುರ್ಚಿಯ ಹಿಂದೆ ನಿಲ್ಲುತ್ತದೆ. ‘ಎಂಪಿನೇ ಬಂದಿದ್ರು, ಇನ್ನೇನು ಬೇಕು’ ಎನ್ನುತ್ತಾರೆ ತಂದೆ ತಾಯಿ. ಲೈಸೆನ್ಸ್ ನಂಬರನ್ನು ಅವರು ಕೇಳುವುದೇ ಇಲ್ಲ. ಮುಂದೆ ಯಾರಾದರೂ ತಮ್ಮನ್ನು ಇಂಥ ಉದ್ಘಾಟನೆಗೆ ಕರೆದರೆ, ತಾರೀಕು ಕೊಡುವ ಮುಂಚೆ ತಮ್ಮ ಆಪ್ತ ಸಹಾಯಕರಿಂದ ಅವರ ಲೈಸೆನ್ಸ್ ನಂಬರ್ ಕೇಳಿಸಿ. ಉದ್ಯೋಗ ಮೇಳದಲ್ಲಿ ಮಳಿಗೆ ಕೊಡುವಾಗಲೂ ಇದೇ ಆಗಲಿ.

ಇತಿ,
ಒಬ್ಬ ನಿವೃತ್ತ ಐಟಿಐ ಬೋಧಕ,
ಬಂಗಾರಪೇಟೆ